ತಂದೂರು ಓಣಿ ಕೊಟ್ಟ ಅಂಕ

ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಮೈಭಾರ ಬಿಟ್ಟು, "ಅಯ್ಯೋ ನನ್ನ ಅಣ್ಣಾ, ನನ್ನ ಬೆನ್ನ ಹಿಂದಿನ ಬೆಟ್ಟವೇ" ಎಂದು ಗಂಟಲು ಹರಿಯುವಂತೆ ಅಳುತ್ತಿದ್ದ ಸಾತಾರ್, ಅಳುವಿನ ನಡುವೆಯೇ ತಲೆಯೆತ್ತಿ ಓಣಿಯ ತುದಿಯತ್ತ ಕಣ್ಣು ಹಾಯಿಸಿದ. ಪಾಪ್ಲರ್ ಮರಗಳ ಹಳದಿ ಎಲೆಗಳು ಗಾಳಿಗೆ ಸುಳಿದಾಡುತ್ತಿದ್ದವು. ಮನುಷ್ಯರು ಯಾರೂ ಬರುತ್ತಿರಲಿಲ್ಲ.

ಬೆಳಗಿನಿಂದ ಬಂದವರೆಲ್ಲ ನೆಂಟರು. ಬೆಟ್ಟದ ಮೇಲಿನ ಹಳ್ಳಿಯಿಂದ, ನದಿಯಾಚೆಯ ಊರಿನಿಂದ ಬಂದರು. ದೂರದಿಂದಲೇ ಅಳುತ್ತ ಓಡಿಬಂದು, ಸಾಲಾಗಿ ನಿಂತ ಗಂಡಸರನ್ನು ತಬ್ಬಿಕೊಂಡು, ಅತ್ತು, ಕಣ್ಣೊರೆಸಿಕೊಂಡು ಚಹಾ ಕುಡಿಯಲು ಹೋದರು. ಅಂಗಳದಲ್ಲಿ ನಿಲ್ಲಿಸಿದ ಕಂಬಳಿ ಗುಡಾರದೊಳಗೆ ಸತ್ತ ಅಣ್ಣ ಎಸೆನ್‌ಕುಲ್ ಪರದೆಯ ಹಿಂದೆ ಮಲಗಿದ್ದ. ಅವನ ಹೆಂಡತಿ ಬುರುಲ್ ಕಪ್ಪು ಉಟ್ಟು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಎಲ್ಲವೂ ಆಗಬೇಕಾದ ಹಾಗೇ ಆಗುತ್ತಿತ್ತು. ಓಣಿಯವರು ಮಾತ್ರ ಬಂದಿರಲಿಲ್ಲ. ಇದೇ ಓಣಿಯಲ್ಲಿ ಹುಟ್ಟಿ ಇದೇ ಓಣಿಯಲ್ಲಿ ಸತ್ತವನ ಮನೆಗೆ, ಓಣಿಯ ರೊಟ್ಟಿ ಸುಡುವವರಲ್ಲಿ ಒಬ್ಬನೂ ಕಾಲಿಟ್ಟಿರಲಿಲ್ಲ.

ಅಡುಗೆಯ ಉಸ್ತುವಾರಿ ಹೊತ್ತಿದ್ದ ದಾಯಾದಿ ಶಾರ್ಶೆನ್ ಅಂಗಿಯ ತೋಳು ಮಡಚಿಕೊಂಡೇ ಬಂದ. ಕೈಗೆಲ್ಲ ಕೊಬ್ಬು ಮೆತ್ತಿತ್ತು.

"ರೊಟ್ಟಿ ಎಲ್ಲಿ ಸಾತಾರ್? ಕುದುರೆ ಮಾಂಸ ಬೇಯ್ತಾ ಬಂತು. ಮಾಂಸಾನ ಏನು ಗಾಳೀಲಿ ಅದ್ಕೊಂಡು ತಿನ್ನೋದಾ?"

"ಬರ್ತಾರೆ."

"ಯಾರು ಬರ್ತಾರೆ? ಸಾವಿನ ಮನೆಗೆ ಓಣಿಯೋರೇ ರೊಟ್ಟಿ ತರಬೇಕು, ಅದು ನಂಗೂ ಗೊತ್ತು. ಆದ್ರೆ ಇದು ಎಸೆನ್‌ಕುಲ್ ಅಣ್ಣನ ಸಾವು. ಬೇಕಾದ್ರೆ ಬಸ್‌ಸ್ಟ್ಯಾಂಡ್ ಹತ್ರ ಅಂಗಡಿಯಿಂದ ಎರಡು ಚೀಲ..."

"ಬಾಯ್ಮುಚ್ಚು. ಅಂಗಡಿ ರೊಟ್ಟಿ ತಂದ್ರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ."

"ಆಯ್ತಪ್ಪ, ರೊಟ್ಟಿ ಹಾಳಾಗ್ಲಿ. ಮಧ್ಯಾಹ್ನ ಮೊಲ್ಡೋ ಕೇಳ್ತಾರಲ್ಲ, ಅದಕ್ಕೇನು ಮಾಡ್ತೀಯ?"

ಸಾತಾರ್ ಮತ್ತೆ ಓಣಿಯ ತುದಿಯತ್ತ ನೋಡಿದ. ಅಣ್ಣನ ಉಸಿರು ನಿಂತಾಗಿನಿಂದ ಅವನನ್ನು ಕುಳಿತಲ್ಲಿ ಕೂರಗೊಡದೆ, ನಿಂತಲ್ಲಿ ನಿಲ್ಲಗೊಡದೆ ಕಾಡುತ್ತಿದ್ದುದು ಅದೇ. ಹೆಣವನ್ನು ಹೊರಗೆ ತಂದಿಟ್ಟ ಮೇಲೆ, ಪ್ರಾರ್ಥನೆಗೆ ಮುಂಚೆ, ಅದನ್ನು ನಡೆಸುವ ಮೊಲ್ಡೋ ನೆರೆದವರ ಕಡೆ ತಿರುಗಿ ಮೂರು ಸಲ ಕೇಳುತ್ತಾರೆ: ಈತ ಎಂಥ ಮನುಷ್ಯನಾಗಿದ್ದ? ನೆರೆದವರು ಒಂದೇ ದನಿಯಲ್ಲಿ ಹೇಳಬೇಕು: ಒಳ್ಳೆಯ ಮನುಷ್ಯನಾಗಿದ್ದ. ಕುಡುಕನಿಗೂ ಹೇಳುತ್ತಾರೆ, ಕುದುರೆ ಕದ್ದವನಿಗೂ ಹೇಳುತ್ತಾರೆ. ಆದರೆ ನೆಂಟರ ಮಾತು ಲೆಕ್ಕಕ್ಕಿಲ್ಲ, ನೆರೆಯವರ ಬಾಯಿಂದ ಬರಬೇಕು. ನದಿಯಾಚೆಯ ಊರಿನಲ್ಲಿ ಹಿಂದೊಮ್ಮೆ ಒಬ್ಬನ ಹೆಣದ ಮುಂದೆ ಯಾರೂ ತುಟಿ ಬಿಚ್ಚಲಿಲ್ಲ. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ. ಅವನ ಮೊಮ್ಮಕ್ಕಳನ್ನು ಮಾತ್ರ ಇವತ್ತಿಗೂ 'ಉತ್ತರ ಸಿಗದ ಮನೆಯವರು' ಎಂದೇ ಕರೆಯುತ್ತಾರೆ. ಹೆಣ್ಣು ಕೇಳಲು ಹೋದರೂ ಅವರಿಗಿಂತ ಮುಂಚೆ ಆ ಹೆಸರು ಹೋಗಿ ಬಾಗಿಲು ತಟ್ಟಿರುತ್ತದೆ.

*

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಎಸೆನ್‌ಕುಲ್ ಆಗ ಮಾರುಕಟ್ಟೆಯ ಮೇಲೆ ಕಣ್ಣಿಡುವ ಕಚೇರಿಯಲ್ಲಿದ್ದ. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಬೆಲೆ ಗೊತ್ತು ಮಾಡಬಾರದು, ಒಬ್ಬರಿಗೊಬ್ಬರು ಪೈಪೋಟಿ ಮಾಡಬೇಕು, ದೊಡ್ಡವನೊಬ್ಬನೇ ಎಲ್ಲವನ್ನೂ ನುಂಗಬಾರದು ಎನ್ನುವುದು ಆ ಕಚೇರಿ ಕಾಯುವ ಕಾನೂನು. ಒಳ್ಳೆಯ ಕಾನೂನೇ. ಎಸೆನ್‌ಕುಲ್ ಅದನ್ನು ಮನಸಾರೆ ನಂಬಿದ್ದ.

ಒಂದು ಬೆಳಿಗ್ಗೆ ಅವನು ಕೈಚೀಲ ಹಿಡಿದು ಓಣಿಯ ಚಹಾದಂಗಡಿಗೆ ಬಂದ. ಮೊದಲ ಒಬ್ಬೆ ರೊಟ್ಟಿ ತೆಗೆದು, ರೊಟ್ಟಿ ಸುಡುವವರೆಲ್ಲ ಹಿಪ್ಪುನೇರಳೆ ಮರದ ಕೆಳಗಿನ ಜಗಲಿಯ ಮೇಲೆ ಸುತ್ತ ಕುಳಿತಿದ್ದರು.

"ಏನ್ ಬಾಯ್ಕೆ, ಇವತ್ತು ಚೀಲ ತಂದಿದ್ದೀರಿ? ರೊಟ್ಟಿ ಹೊರೋಕಾ?" ಎಂದ ಮಾದ್ಯಾರ್. ಹಿರಿಯರನ್ನೆಲ್ಲ ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುವ, ಆಗಿನ್ನೂ ಮೀಸೆ ಚಿಗುರಿದ್ದ ಹುಡುಗ. ಅಣ್ಣ ಬೆಕ್ತೆಮಿರ್ ಜೊತೆ ಒಂದೇ ತಂದೂರಿನಲ್ಲಿ ದುಡಿಯುತ್ತಿದ್ದ.

"ಕಚೇರಿ ಕೆಲಸ ಕಣೋ. ಒಂದು ಮಾತು ಕೇಳ್ಬೇಕು. ಓಣೀಲಿ ಎಲ್ರ ರೊಟ್ಟಿ ಬೆಲೇನೂ ಒಂದೇ ಇದೆಯಲ್ಲ, ಅದು ಹೇಗೆ?"

ಎಲ್ಲರೂ ನಕ್ಕರು. ಬಿಸಿಲು ಯಾಕೆ ಬೆಚ್ಚಗಿದೆ ಎಂದು ಕೇಳಿದ ಹಾಗಿತ್ತು. ಅವರಲ್ಲಿ ಹಿರಿಯನಾದ ಕೊಚ್ಕೋರ್ ಅಜ್ಜ ಬಟ್ಟಲು ಕೆಳಗಿಟ್ಟು, ಗಡ್ಡ ನೀವಿಕೊಂಡು ಹೇಳಿದ:

"ಹೇಗೆ ಅಂದ್ರೆ? ಇಲ್ಲೇ ಕೂತು ಮಾತಾಡ್ಕೊತೀವಪ್ಪ. ಹಿಟ್ಟು ಏರಿದ್ರೆ ಎಲ್ರೂ ಒಟ್ಟಿಗೆ ಏರಿಸ್ತೀವಿ, ಇಳಿದ್ರೆ ಒಟ್ಟಿಗೆ ಇಳಿಸ್ತೀವಿ. ಬೆಲೆ ಮುರಿದು ಪಕ್ಕದೋನ ಒಲೆ ಆರಿಸೋದು ನಮ್ಮಲ್ಲಿಲ್ಲ. ನಿಮ್ಮಪ್ಪನ ಕಾಲದಿಂದ್ಲೂ ಹೀಗೇ. ಬರ್ಕೋ, ಬರ್ಕೋ. ನಿಮ್ಮ ಸಾಹೇಬ್ರಿಗೂ ತೋರ್ಸು, ಈ ಓಣೀಲಿ ಜಗಳ ಅನ್ನೋದೇ ಇಲ್ಲ ಅಂತ."

"ಹೀಗಂತ ನೀವೇ ಹೇಳಿದ್ರಿ ಅಂತ ಬರೀಲಾ?"

"ನನ್ನ ಹೆಸರೂ ಬರ್ಕೊಳ್ಳಿ ಬಾಯ್ಕೆ, ಬಿಟ್ಟುಬಿಡ್ಬೇಡಿ" ಎಂದ ಮಾದ್ಯಾರ್. ಒಬ್ಬೊಬ್ಬರೂ ಮುಂದೆ ಬಂದು ತಮ್ಮ ಹೆಸರು, ಅಪ್ಪನ ಹೆಸರು ಹೇಳಿ, ಬೆರಳಿನ ಹಿಟ್ಟು ಒರೆಸಿಕೊಂಡು ಸಹಿ ಹಾಕಿದರು. ಹೊರಡುವಾಗ ಅವನ ಕೈಚೀಲಕ್ಕೆ ಬಿಸಿ ರೊಟ್ಟಿ ತುರುಕಿದರು.

ಓಣಿಯವರೆಲ್ಲ ಸೇರಿ ಮಾಡಿದ್ದು ಒಂದೇ ತಪ್ಪು. ಆದರೆ ಆ ಸಹಿಗಳ ಬಲದಿಂದಲೇ ಒಂದೊಂದು ತಂದೂರಿನ ಮೇಲೂ ಬೇರೆ ಬೇರೆ ಮೊಕದ್ದಮೆ ಬಿತ್ತು. ಆ ವರ್ಷವೇ ಹೊರದೇಶದಿಂದ ಅಳೆಯುವವರು ಬರುವವರಿದ್ದರು. ಯಾವ ದೇಶದಲ್ಲಿ ಈ ಕಾನೂನು ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನೋಡಿ, ಅಂಕ ಕೊಟ್ಟು, ದೇಶಗಳನ್ನು ಮೇಲೆ ಕೆಳಗೆ ಜೋಡಿಸಿ ಪಟ್ಟಿ ಮಾಡುವುದು ಅವರ ಕೆಲಸ. ಬಂದವರು ಎಷ್ಟು ಮೊಕದ್ದಮೆ ಎಂದು ಕೇಳಿದರು. ಇಷ್ಟು ಎಂದು ಕಚೇರಿಯವರು ಹೇಳಿದರು. ಪಟ್ಟಿಯಲ್ಲಿ ದೇಶದ ಹೆಸರು ಮೇಲೆ ಹೋಯಿತು. ರಾಜಧಾನಿ ಬಿಷ್ಕೆಕ್‌ನಲ್ಲಿ ಸಭೆ ಸೇರಿಸಿ ಎಸೆನ್‌ಕುಲ್‌ನ ಹೆಗಲಿಗೆ ಕಸೂತಿಯ ಮಖಮಲ್ಲಿನ ನಿಲುವಂಗಿ ಹೊದಿಸಿದರು.

ಓಣಿಯಲ್ಲಿ ದಂಡ ಕಟ್ಟಿದರು. ಜೊತೆಗೆ ಕೂತು ಚಹಾ ಕುಡಿಯುವುದು ನಿಂತಿತು. ಒಬ್ಬ ಬೆಲೆ ಇಳಿಸಿದ, ಪಕ್ಕದವನು ಇನ್ನೂ ಇಳಿಸಿದ. ಊರಿನವರು ಅಗ್ಗದ ರೊಟ್ಟಿ ತಿಂದು ಒಂದಷ್ಟು ದಿನ ಹೊಗಳಿದರು. ಹಿಟ್ಟಿನ ಬೆಲೆ ಮಾತ್ರ ಇಳಿಯಲಿಲ್ಲ. ಒಂದರ ಹಿಂದೊಂದು ತಂದೂರು ತಣ್ಣಗಾಯಿತು. ಬೆಕ್ತೆಮಿರ್ ಇಟ್ಟಿಗೆ ಹೊರಲು ರಷ್ಯಾಕ್ಕೆ ಹೋದವನು ಮತ್ತೆ ಬರಲಿಲ್ಲ.

*

ಬಿಸಿಲು ನೆತ್ತಿಗೇರುವ ಹೊತ್ತಿಗೆ ಓಣಿಯ ತುದಿಯಲ್ಲಿ ತಳ್ಳುಗಾಡಿಯ ಗಾಲಿ ಕಿರುಗುಟ್ಟಿತು. ಕೊಚ್ಕೋರ್ ಅಜ್ಜ. ಗಾಡಿಯ ತುಂಬ ಬಟ್ಟೆ ಮುಚ್ಚಿದ ರೊಟ್ಟಿ. ಅಳುತ್ತ ಬಂದು ಸಾತಾರ್‌ನನ್ನು ತಬ್ಬಿಕೊಂಡ. ಸಾತಾರ್‌ಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಇನ್ನೊಂದು ಗಾಡಿ ಬಂತು. ಅದರ ಹಿಂದೆ ಮತ್ತೊಂದು. ರೊಟ್ಟಿ ಇಳಿಸಿ ಇಳಿಸಿ ಶಾರ್ಶೆನ್‌ಗೆ ಸಾಕಾಯಿತು. ಹಾಸಿದ ಬಟ್ಟೆ ತುಂಬಿತು, ಬಾಗಿಲ ಹಲಗೆ ಕಿತ್ತು ತಂದು ಹಾಕಿದರೂ ಸಾಲಲಿಲ್ಲ.

"ಇದೇನಜ್ಜ, ಸತ್ತೋನು ಒಬ್ಬ. ರೊಟ್ಟಿ ಮೂರು ಸಾವಿಗೆ ಆಗೋಷ್ಟಿದೆ. ಒಬ್ರಿಗೊಬ್ರು ಹೇಳ್ಕೊಂಡು ಹಂಚ್ಕೊಬಾರ್ದಿತ್ತಾ?"

ಕೊಚ್ಕೋರ್ ಅಜ್ಜ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದ: "ಕೂತು ಮಾತಾಡಿ ಹಂಚ್ಕೊಳ್ಳೋದಾ? ಅದು ಅಪರಾಧ ಕಣಯ್ಯ. ಒಳಗೆ ಮಲಗಿದಾನಲ್ಲ, ಅವನೇ ಹೇಳ್ಕೊಟ್ಟಿದ್ದು. ಅದಕ್ಕೇ ಒಬ್ಬೊಬ್ರೇ ಯೋಚ್ನೆ ಮಾಡಿ, ಒಬ್ಬೊಬ್ರೇ ತಂದ್ವಿ. ಪಕ್ಕದೋನು ತರ್ತಾನೋ ಇಲ್ವೋ ಅಂತ ಒಬ್ಬೊಬ್ರೂ ಇಡೀ ಸಾವಿಗೆ ಆಗೋಷ್ಟು ಸುಟ್ಟಿದಾರೆ. ತಡ ಆಗಿದ್ದೂ ಅದಕ್ಕೇ."

ಯಾರೋ ಕಿಸಕ್ಕೆಂದು ನಕ್ಕು, ಅದನ್ನೇ ಬಿಕ್ಕಳಿಕೆ ಮಾಡಿಕೊಂಡರು. ಅಜ್ಜ ಹೇಳಿದ್ದು ಚುಚ್ಚುಮಾತೋ, ನಿಜವೋ ಸಾತಾರ್‌ಗೆ ತಿಳಿಯಲಿಲ್ಲ.

ಮಾದ್ಯಾರ್ ಎಲ್ಲರಿಗಿಂತ ಕೊನೆಗೆ ಬಂದ. ಅಳಲಿಲ್ಲ, ತಬ್ಬಲೂ ಇಲ್ಲ. ತಂದೂರಿನ ಬಾಯೊಳಗೆ ದಿನವಿಡೀ ಹೋಗಿ ಬರುವ ಅವನ ಮುಂಗೈಗಳಲ್ಲಿ ಒಂದು ಕೂದಲೂ ಇರಲಿಲ್ಲ.

"ಎಲ್ಲಿಡ್ಲಿ?"

"ಎಲ್ಲಾದ್ರೂ ಇಡು ತಮ್ಮಾ. ಬಂದ್ಯಲ್ಲ, ಸಾಕು." ಸಾತಾರ್ ದನಿ ತಗ್ಗಿಸಿದ. "ಮಧ್ಯಾಹ್ನ ಇರ್ತೀಯಲ್ಲ? ಮೊಲ್ಡೋ ಕೇಳಿದಾಗ..."

"ಕೇಳಿದಾಗ ನೋಡೋಣ ಬಾಯ್ಕೆ. ಏನು ಹೇಳ್ಬೇಕು ಅಂತ ಮುಂಚೇನೇ ಕೂತು ಗೊತ್ತು ಮಾಡ್ಕೊಳ್ಳೋದು ಬೇಡ. ತಪ್ಪಾಗುತ್ತೆ."

*

ಎಸೆನ್‌ಕುಲ್‌ಗೆ ತಾನು ಏನು ಮಾಡಿದೆನೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಕಣಿವೆಯಲ್ಲಿ ಮೊದಲಿದ್ದ ಸಣ್ಣ ಗಿರಣಿಗಳನ್ನೆಲ್ಲ ಕೊಂಡು ಮುಚ್ಚಿಸಿದ ದೊಡ್ಡ ಗಿರಣಿಯೊಂದಿತ್ತು. ಹಿಟ್ಟಿನ ಬೆಲೆ ಅದು ಹೇಳಿದ್ದೇ. ಅವನು ಸಾಹೇಬ ಎರ್ಮೆಕ್‌ನ ಮುಂದೆ ಹೋಗಿ ನಿಂತ.

"ಆ ಗಿರಣಿ ಮೇಲೆ ಮೊಕದ್ದಮೆ ಹಾಕೋಣ. ಕಾನೂನು ಇರೋದೇ ಅಂಥೋರಿಗೆ."

ಎರ್ಮೆಕ್ ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿದ, ಚಹಾ ತರಿಸಿದ. "ಎಸೆನ್‌ಕುಲ್, ಒಂದು ಗಿರಣಿ. ದೊಡ್ಡ ದೊಡ್ಡ ವಕೀಲರು. ವರ್ಷಗಟ್ಟಲೆ ಕೋರ್ಟು. ಗೆದ್ರೂ ಲೆಕ್ಕಕ್ಕೆ ಬರೋದು ಒಂದು. ಅಳೆಯೋರು ಬಂದಾಗ ಅಷ್ಟು ದಿನ ಏನು ಮಾಡ್ತಿದ್ರಿ ಅಂದ್ರೆ ಏನು ತೋರಿಸ್ಲಿ? ಕಟುಕರ ಸಾಲಿಗೆ ಹೋಗಿ ಬಾ. ಅವರೂ ಕೂತು ಮಾತಾಡ್ಕೊತಾರಂತೆ."

ಎಸೆನ್‌ಕುಲ್ ಚಹಾ ಕುಡಿದು ಎದ್ದ. ಕಟುಕರ ಸಾಲಿಗೆ ಹೋದ. ಅದನ್ನೂ ಹೇಳಲೇಬೇಕು.

ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಮಾದ್ಯಾರ್‌ನ ತಂದೂರಿನ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದ. ಬೇರೆಯವರನ್ನು ಮಾದ್ಯಾರ್, ಮಕ್ಕಳು ಹೇಗಿದ್ದಾರೆ, ದನ ಕರು ಹೇಗಿವೆ ಎಂದು ಕೇಳುವನು. ಇವನ ಸರದಿ ಬಂದಾಗ ರೊಟ್ಟಿ ಮಾತ್ರ ಚಾಚುವನು. ಒಮ್ಮೆ ಎಸೆನ್‌ಕುಲ್, "ನಂಗೆ ಯಾಕೆ ಕೊಡ್ತೀಯೋ? ಇಲ್ಲ ಅಂದುಬಿಡು" ಎಂದ.

"ಬಂದೋರಿಗೆ ಇಲ್ಲ ಅನ್ನೋ ಹಾಗಿಲ್ಲ. ಅದಕ್ಕೂ ಒಂದು ಕಾನೂನು ಇಟ್ಟಿರ್ತೀರಿ" ಎಂದ ಮಾದ್ಯಾರ್.

ಮರುದಿನವೂ ಎಸೆನ್‌ಕುಲ್ ಅಲ್ಲಿಗೇ ಹೋದ. ಬೇರೆ ತಂದೂರಿಗೆ ಹೋಗಬಹುದಿತ್ತು.

*

ಹೆಣಕ್ಕೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿದ್ದೂ ಆಯಿತು. ಮೊಲ್ಡೋ ಬಂದರು. ಅಂಗಳದಲ್ಲಿ ಗಂಡಸರು ಒಟ್ಟುಗೂಡುತ್ತಿರುವಾಗ ಬಾಗಿಲಲ್ಲಿ ಕಪ್ಪು ಕಾರು ನಿಂತಿತು. ಎರ್ಮೆಕ್ ಇಳಿದ. ಕಾಗದದ ಹೂವಿನ ದೊಡ್ಡ ಚಕ್ರವನ್ನು ಚಾಲಕ ಹಿಡಿದುಕೊಂಡು ಹಿಂದೆ ಬಂದ. ಎಸೆನ್‌ಕುಲ್ ಕಚೇರಿ ಬಿಟ್ಟ ಮೇಲೆ ಅಲ್ಲಿಂದ ಒಬ್ಬರೂ ಈ ಮನೆಗೆ ಬಂದವರಲ್ಲ. ಹಬ್ಬಕ್ಕೂ ಇಲ್ಲ, ಕಾಯಿಲೆಗೂ ಇಲ್ಲ. ಯಾಕೆ ಮುನಿಸು ಎಂದು ಸಾತಾರ್ ಕೇಳಿದಾಗಲೆಲ್ಲ ಅಣ್ಣ ಮಾತು ಬೇರೆಡೆಗೆ ತಿರುಗಿಸಿದ್ದ.

"ನಾಲ್ಕು ಮಾತು ಆಡ್ಬೇಕು" ಎಂದ ಎರ್ಮೆಕ್. "ಪ್ರಾರ್ಥನೆಗೆ ಮುಂಚೆ."

ಸಾತಾರ್ ಅವನ ತೋಳು ಹಿಡಿದು ಬೇಲಿಯ ಪಕ್ಕಕ್ಕೆ ಕರೆದೊಯ್ದ. "ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಊಟ ಆದ್ಮೇಲೆ ಮಾತಾಡಿ. ಈಗ ಬೇಡ. ಅಲ್ಲಿ ನಿಂತಿದಾರಲ್ಲ, ಅವರೆಲ್ಲ ತಂದೂರಿನೋರು."

"ಒಳ್ಳೇದೇ ಆಯ್ತಲ್ಲ. ಇಂಥ ಮನುಷ್ಯ ನಮ್ಮ ಓಣಿಯೋನು ಅಂತ ಗೊತ್ತಾಗ್ಲಿ."

"ಗೊತ್ತಿದೆ ಸಾಹೇಬ್ರೇ. ಚೆನ್ನಾಗೇ ಗೊತ್ತಿದೆ."

"ಮುಂದಿನ ತಿಂಗಳು ಅಳೆಯೋರು ಮತ್ತೆ ಬರ್ತಿದಾರೆ. ಹೋದ ಸಲ ಕೆಳಗೆ ಜಾರಿದ್ವಿ. ಇವನ ವಿಷಯ ಪತ್ರಿಕೇಲಿ ನಾಲ್ಕು ಸಾಲು ಬಂದ್ರೆ ಒಳ್ಳೇದಾಗುತ್ತೆ." ಎರ್ಮೆಕ್ ಅವನ ಬೆನ್ನು ತಟ್ಟಿ, ಗುಂಪಿನ ಮುಂದೆ ಹೋಗಿ ನಿಂತ.

ಟೋಪಿ ತೆಗೆದು ಚೆನ್ನಾಗಿಯೇ ಮಾತಾಡಿದ. ದಣಿವರಿಯದ ದುಡಿಮೆ ಎಂದ. ಕಾನೂನಿನ ಕಾವಲುಗಾರ ಎಂದ. "ಇವರ ಕೈಯಲ್ಲಿ ನಡೆದಷ್ಟು ಮೊಕದ್ದಮೆ ಇನ್ಯಾರ ಕೈಯಲ್ಲೂ ನಡೆದಿಲ್ಲ. ತಾವು ಹುಟ್ಟಿದ ಓಣಿ ಅಂತಲೂ ನೋಡದೆ ಇಲ್ಲಿನ ರೊಟ್ಟಿ ಸುಡುವವರ ಒಳಸಂಚನ್ನು ಬಯಲು ಮಾಡಿದರು. ಅದರಿಂದಲೇ ಜಗತ್ತಿನ ಪಟ್ಟಿಯಲ್ಲಿ ನಮ್ಮ ದೇಶ ಮೇಲೇರಿತು."

ಗಾಳಿಗೆ ಗುಡಾರದ ಕಂಬಳಿ ಪಟಪಟನೆ ಬಡಿಯುತ್ತಿತ್ತು. ತಂದೂರಿನವರ ಗುಂಪಿನಲ್ಲಿ ಯಾರೂ ಕದಲಲಿಲ್ಲ. ಮಾದ್ಯಾರ್ ನೆಲ ನೋಡುತ್ತಿದ್ದ. ಒಳಸಂಚು ಎನ್ನುವ ಮಾತು ಕೇಳಿ ಕೊಚ್ಕೋರ್ ಅಜ್ಜನ ಗಡ್ಡ ಅಲುಗಿತು. ಎಲ್ಲ ಮುಗಿದುಹೋಯಿತು ಎಂದುಕೊಂಡ ಸಾತಾರ್. 

ಶಾರ್ಶೆನ್ ಮತ್ತು ಇನ್ನು ಕೆಲವರು ಹೆಣ ಹೊರಗೆ ತರಲು ಒಳಗೆ ಹೋದರು. ಚಟ್ಟ ಹೊಸಿಲು ದಾಟುವಾಗ ಹೆಂಗಸರ ಅಳು ಒಮ್ಮೆಗೇ ಎದ್ದಿತು. ಅದರೊಳಗಿಂದ ಬುರುಲ್‌ಳ ದನಿ ಮೇಲೆ ಬಂತು. ಗಂಡ ಸತ್ತ ಹೆಣ್ಣು ಹಾಡಿ ಅಳುವಾಗ ಯಾರೂ ಅಡ್ಡ ಬರುವ ಹಾಗಿಲ್ಲ. ಬದುಕಿದ್ದಾಗ ಆಡಲಾಗದ್ದನ್ನು ಆಡಲಿಕ್ಕೇ ಆ ಹಾಡು ಇರುವುದು. ಬೆಳಗಿನಿಂದ ಅವಳು ಅವನ ಕುದುರೆ ಸವಾರಿ, ಅವನ ಬಿಳಿ ಟೋಪಿ ಎಂದು ಎಲ್ಲರೂ ಹಾಡುವುದನ್ನೇ ಹಾಡಿದ್ದಳು. ಈಗ ಹಾಡಿದ್ದು ಬೇರೆ.

"ಎದ್ದು ಹೊರಟೆಯಾ ನನ್ನ ದೊರೆಯೇ, ಹೇಳದೆ ಹೊರಟೆಯಾ,
ಕಡಲಾಚೆಯಿಂದ ಅಳೆಯಲು ಬಂದವಳು ನಿನ್ನ ಜಗಲಿಯಲ್ಲಿ ಕೂತಳಲ್ಲಾ,
ಎಷ್ಟು ಮೊಕದ್ದಮೆ ಎಂದಳಲ್ಲಾ, ನಾಡಿಗೆ ಅಂಕವೆಷ್ಟು ಎಂದಳಲ್ಲಾ,
ನಾನು ಚಹಾ ಬಗ್ಗಿಸುತ್ತಿದ್ದೆ, ಎಲ್ಲ ಕೇಳಿಸಿಕೊಂಡೆನಲ್ಲಾ,
ಮೊಕದ್ದಮೆ ಎಣಿಸಬೇಡ ತಾಯಿ, ತಣ್ಣಗಾದ ಒಲೆ ಎಣಿಸೆಂದೆಯಲ್ಲಾ,
ಓಣಿಯುದ್ದಕ್ಕೂ ನಡೆಸಿ ತೋರಿಸಿ, ಆರಿಸಿದವನು ನಾನೇ ಎಂದೆಯಲ್ಲಾ,
ಎಲ್ಲಕ್ಕಿಂತ ಕೆಳಗಿನ ಅಂಕ ಬರೆದುಕೋ ಎಂದೆಯಲ್ಲಾ,
ಗೆಳೆಯರು ಬಾಗಿಲು ಮುಚ್ಚಿದರಲ್ಲಾ, ಕೊಟ್ಟ ನಿಲುವಂಗಿ ಕಿತ್ತರಲ್ಲಾ,
ಅವಳಿಗೆ ಹೇಳಿದ ಮಾತನ್ನು ಓಣಿಗೆ ಹೇಳದೆ ಹೊರಟೆಯಾ..."

ಎರ್ಮೆಕ್ ಟೋಪಿಯನ್ನು ತಲೆಗಿಟ್ಟುಕೊಂಡ, ಮತ್ತೆ ತೆಗೆದ. ಆಮೇಲೆ ಕಾರಿನ ಕಡೆ ನೋಡಿದ.

ಚಟ್ಟವನ್ನು ಅಂಗಳದ ನಡುವೆ ಇಳಿಸಿದರು. ಸಾತಾರ್ ಮುಂದೆ ಬಂದ. ಹೇಳಬೇಕಾದ ಮಾತು ಅವನಿಗೆ ಬಾಯಿಪಾಠವಾಗಿತ್ತು, ಆದರೂ ನಾಲಿಗೆ ತೊಡರಿತು. "ನನ್ನ ಅಣ್ಣ ಯಾರಿಗಾದ್ರೂ ನೋವು ಕೊಟ್ಟಿದ್ರೆ, ಇನ್ನು ಅವನನ್ನ ಕೇಳ್ಬೇಡಿ, ನನ್ನ ಕೇಳಿ. ಅವನನ್ನ ಬಿಟ್ಟುಬಿಡಿ."

ಮೊಲ್ಡೋ ನೆರೆದವರ ಕಡೆ ತಿರುಗಿದರು. "ಈತ ಎಂಥ ಮನುಷ್ಯನಾಗಿದ್ದ?"

"ಒಳ್ಳೆಯ ಮನುಷ್ಯನಾಗಿದ್ದ" ಎಂದರು ನೆಂಟರು. ತಂದೂರಿನವರ ಕಡೆಯಿಂದ ಏನೂ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೂಡಿ ಮಾತಾಡುವ ರೂಢಿ ಹತ್ತು ಹನ್ನೆರಡು ವರ್ಷದಿಂದ ತಪ್ಪಿಹೋಗಿತ್ತು.

"ಈತ ಎಂಥ ಮನುಷ್ಯನಾಗಿದ್ದ?"

ನೆಂಟರೂ ಈ ಸಲ ದನಿ ಇಳಿಸಿದರು. ಸಾತಾರ್ ಕಣ್ಣು ಮುಚ್ಚಿಕೊಂಡ.  ಮೊಲ್ಡೋ ಅವಸರ ಮಾಡಲಿಲ್ಲ. ಮೂರನೆಯ ಸಲ ಕೇಳಿದಾಗ ಅವರ ದನಿ ಮೆತ್ತಗಿತ್ತು.

"ನಮ್ಮ ಓಣಿಯೋನು" ಎಂದಿತು ಒಂದು ಬಾಯಿ.

"ಒಳ್ಳೇವ್ನೇ" ಎಂದ ಇನ್ನೊಬ್ಬ, ಸ್ವಲ್ಪ ತಡೆದು.

"ಗಟ್ಟಿ ಮನುಷ್ಯ."

"ಒಳ್ಳೇವ್ನು."

ಒಂದೇ ದನಿಯಲ್ಲಿ ಬರಬೇಕಾದ ಉತ್ತರ ಅಲ್ಲೊಂದು ಇಲ್ಲೊಂದು ಹನಿಯಂತೆ ಬಿತ್ತು. ಒಬ್ಬೊಬ್ಬನೂ ತನ್ನೊಳಗೆ ತೂಗಿ, ತನ್ನ ಪಾಲಿನದನ್ನು ತಾನೇ ಹೇಳಿದ. ಕಡೆಗೆ ಕೊಚ್ಕೋರ್ ಅಜ್ಜ ಹೇಳಿದ: "ಕೊನೆಗೆ ಒಳ್ಳೆಯವನಾದ."

ಹಾಗೆ ಯಾರೂ ಹೇಳುವ ಪದ್ಧತಿಯಿಲ್ಲ. ಮೊಲ್ಡೋ ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಕೈ ಮೇಲೆತ್ತಿ ಪ್ರಾರ್ಥನೆ ಶುರು ಮಾಡಿದರು. ಸಾತಾರ್ ಕಣ್ಣು ತೆರೆದು ಮೊದಲು ನೋಡಿದ್ದು ಮಾದ್ಯಾರ್‌ನ ತುಟಿಗಳನ್ನು. ಅವು ಅಲುಗಿರಲಿಲ್ಲ.

*

ಸ್ಮಶಾನ ಊರ ಹೊರಗಿನ ಬೋಳು ದಿಬ್ಬದ ಮೇಲೆ. ಅಲ್ಲಿ ಗಾಳಿ ಇನ್ನೂ ಜೋರಾಗಿತ್ತು. ಗಂಡಸರು ಒಬ್ಬರ ಹೆಗಲಿಂದ ಒಬ್ಬರು ಚಟ್ಟ ಬದಲಿಸಿಕೊಂಡು ದಾಪುಗಾಲಲ್ಲಿ ಹತ್ತಿದರು. ಎಸೆನ್‌ಕುಲ್‌ನನ್ನು ಗುಂಡಿಯೊಳಗಿಳಿಸಿ, ಅದರ ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿಗೆ ಸರಿಸಿ, ಹಸಿ ಇಟ್ಟಿಗೆಯಿಂದ ಮುಚ್ಚಿದರು. ಸಾತಾರ್ ಮೂರು ಹಿಡಿ ಮಣ್ಣು ಹಾಕಿದ. ಮಿಕ್ಕವರೂ ಹಾಕಿದರು.

ಅಲ್ಲಿದ್ದುದು ಒಂದೇ ಸಲಿಕೆ. ಗೋರಿಯ ಮೇಲೆ ಸಲಿಕೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಹಾಕಿದವನು ನೆಲಕ್ಕಿಡಬೇಕು, ಮುಂದಿನವನು ತಾನೇ ಎತ್ತಿಕೊಳ್ಳಬೇಕು. ಕೊಚ್ಕೋರ್ ಅಜ್ಜ ಎರಡು ಸಲ ಎತ್ತಿ ಹಾಕಿ, ಕೆಮ್ಮಿ, ಕೆಳಗಿಟ್ಟ. ಇನ್ನೊಬ್ಬ ಎತ್ತಿಕೊಂಡ, ಇಟ್ಟ. ಆಮೇಲೆ ಮಾದ್ಯಾರ್ ಎತ್ತಿಕೊಂಡ.

ಎಲ್ಲರ ಹಾಗೆ ಅವನೂ ನಾಲ್ಕೈದು ಸಲ ಹಾಕಿ ಇಡುತ್ತಾನೆ ಎಂದು ಸಾತಾರ್ ಮುಂದೆ ಸರಿದ. ಮಾದ್ಯಾರ್ ಇಡಲಿಲ್ಲ. ಕಾಲು ಅಗಲಿಸಿ ನಿಂತು, ದಿಬ್ಬದ ಹಳದಿ ಮಣ್ಣನ್ನು ಬಗೆದು ಬಗೆದು ಗುಂಡಿಗೆ ಸುರಿಯತೊಡಗಿದ. ಮಣ್ಣು ಇಟ್ಟಿಗೆಗೆ ಬಡಿದು ಸದ್ದಾಯಿತು, ಆಮೇಲೆ ಮಣ್ಣಿಗೆ ಮಣ್ಣು ಬಿದ್ದು ಸದ್ದಡಗಿತು. ಅವನು ಅಂಗಿಯ ತೋಳು ಮೇಲೇರಿಸಿಕೊಂಡ.

"ಸಾಕು ಕಣೋ, ನಮಗೂ ಬಿಡು. ಪುಣ್ಯ ಎಲ್ಲ ನೀನೊಬ್ಬನೇ ಹೊಡ್ಕೊತೀಯಾ?" ಎಂದ ಹಿಂದಿನಿಂದ ಶಾರ್ಶೆನ್.

ಮಾದ್ಯಾರ್ ತಿರುಗಿ ನೋಡಲಿಲ್ಲ. ಗುಂಡಿ ಅರ್ಧ ತುಂಬಿತು, ನೆಲಮಟ್ಟಕ್ಕೆ ಬಂತು, ದಿಬ್ಬವಾಗತೊಡಗಿತು. ಅವನ ಕುತ್ತಿಗೆಯ ನರ ಉಬ್ಬಿತ್ತು. ಮೂಗಿನಿಂದ ಇಳಿಯುತ್ತಿದ್ದುದು ಬೆವರೋ ಕಣ್ಣೀರೋ ಗೊತ್ತಾಗುತ್ತಿರಲಿಲ್ಲ. ಸಲಿಕೆಗಾಗಿ ಕಾಯುವವರ ಸಾಲು ಅವನ ಹಿಂದೆ ಬೆಳೆಯುತ್ತ ಹೋಯಿತು. ಗಾಳಿ ಅವರ ಮುಖಕ್ಕೆಲ್ಲ ಆ ಮಣ್ಣನ್ನೇ ಎರಚುತ್ತಿತ್ತು, ಯಾರೂ ಮುಖ ಒರೆಸಿಕೊಳ್ಳಲಿಲ್ಲ. ಸಾತಾರ್ ಕೈ ಮುಂದೆ ಚಾಚಿ, ಮತ್ತೆ ಹಿಂದಕ್ಕೆ ತೆಗೆದುಕೊಂಡು, ಅವನು ಸಲಿಕೆ ಕೆಳಗಿಡುವುದನ್ನೇ ನೋಡುತ್ತ ನಿಂತ.